ಗ್ರಾನೈಟ್ ಶೆಡ್‌ನ ಧೂಳು ಅಳೆಯುವ ಕೆಲಸ: ಫಿಲ್ಟರ್ ಲ್ಯಾಬ್‌ಗೆ ಹೊರಟಿದೆ

ಈ ವಾರ ಧೂಳಿನ ಗಾಳಿ ಎಳೆದುಕೊಳ್ಳುವ ನನ್ನ ಪುಟ್ಟ ಪಂಪ್ ಇಡೀ ಶಿಫ್ಟ್ ನಿಲ್ಲದೆ ಓಡಿತು, ತುಂಬಾ ಖುಷಿಯಾಯಿತು. ಜಿಗಣಿ ಕಡೆಯ ಒಂದು ಸಣ್ಣ ಕಟಿಂಗ್ ಶೆಡ್. ಅಡುಗೆಮನೆ ಕಟ್ಟೆಯ ಕಲ್ಲಿನಲ್ಲಿ ಸಿಂಕ್‌ಗೆ ಜಾಗ ಕೊರೆಯುವ ಅಣ್ಣನೊಬ್ಬರ ಬೆಲ್ಟ್‌ಗೆ ಪಂಪ್ ಕಟ್ಟಿದೆ. ಟ್ಯೂಬ್ ಬೆನ್ನ ಮೇಲಿಂದ ಹಾದು ಕಾಲರ್‌ಗೆ ಬರುತ್ತದೆ. ಅಲ್ಲಿ ಸೈಕ್ಲೋನ್ (ದಪ್ಪ ಕಣ ಬೇರ್ಪಡಿಸುವ ಪುಟ್ಟ ಸಾಧನ), ಅದರ ಮೇಲೆ ಫಿಲ್ಟರ್. ಇದು ಮೂಗಿನಿಂದ 30 ಸೆಂ.ಮೀ. ಒಳಗೇ ಇರಬೇಕು. ಗ್ರೈಂಡರ್ ಹಿಡಿದು ಬಗ್ಗಿದವರು ಉಸಿರಾಡುವ ಗಾಳಿಯೇ ಬೇರೆ, ಗೋಡೆ ಹತ್ತಿರದ ಗಾಳಿಯೇ ಬೇರೆ.

ಸೈಕ್ಲೋನ್ ಒಳಗೆ ಗಾಳಿ ಗಿರಗಿರ ಸುತ್ತುತ್ತದೆ. ದಪ್ಪ ಕಣಗಳು ಕೆಳಗಿನ ಪುಟ್ಟ ಡಬ್ಬಿಗೆ ಬೀಳುತ್ತವೆ. ಫಿಲ್ಟರ್ ತಲುಪುವುದು ಹೆಚ್ಚಾಗಿ 4 ಮೈಕ್ರಾನ್‌ಗಿಂತ ಸಣ್ಣವು. ಶ್ವಾಸಕೋಶದ ತಳಕ್ಕೆ ಇಳಿಯುವುದೂ ಇವೇ. ನನ್ನ 10 ಮಿ.ಮೀ. ನೈಲಾನ್ ಸೈಕ್ಲೋನ್‌ಗೆ ನಿಮಿಷಕ್ಕೆ 1.7 ಲೀಟರ್ ಗಾಳಿ ಬೇಕು. ಹರಿವು ಇಳಿದರೆ ದಪ್ಪ ಕಣವೂ ನುಗ್ಗುತ್ತದೆ, ಹಾಗಾಗಿ ಶಿಫ್ಟ್‌ಗೆ ಮೊದಲು, ಆಮೇಲೆ ಎರಡೂ ಸಲ ಹರಿವು ನೋಡಬೇಕು. ಬಿಚ್ಚುವಾಗ ಮಾತ್ರ ತಲೆಕೆಳಗು ಮಾಡಲೇಬಾರದು. ಡಬ್ಬಿಯ ಪುಡಿ ಫಿಲ್ಟರ್ ಮೇಲೆ ಬಿತ್ತೋ, ದಿನದ ಸ್ಯಾಂಪಲ್ ಹೋಯಿತು.

ಲೆಕ್ಕ ನೋಡಿ. ಎಂಟು ಗಂಟೆಗೆ 816 ಲೀಟರ್ ಗಾಳಿ, ಒಂದು ಘನ ಮೀಟರ್ ಕೂಡ ಇಲ್ಲ. ಅಮೆರಿಕದ ಮಿತಿ ಘನ ಮೀಟರ್‌ಗೆ 50 ಮೈಕ್ರೋಗ್ರಾಂ ಸಿಲಿಕಾ (ಕಲ್ಲಿನ ಧೂಳಿನಲ್ಲಿದ್ದು ಶ್ವಾಸಕೋಶ ಕೆಡಿಸುವ ಖನಿಜ). ಅಂದರೆ ಫಿಲ್ಟರ್ ಮೇಲೆ ಸುಮಾರು 41 ಮೈಕ್ರೋಗ್ರಾಂ ಕೂತರೇ ಮಿತಿ ಮುಟ್ಟಿದ ಹಾಗೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ನಮ್ಮ ಕಾರ್ಖಾನೆ ಕಾಯ್ದೆಯಲ್ಲಿ ಸೂತ್ರವಿತ್ತು: ಈ ಸಣ್ಣ ಧೂಳಿನಲ್ಲಿ ಕ್ವಾರ್ಟ್ಜ್ (ಸಿಲಿಕಾದ ಹರಳು ರೂಪ) ಶೇಕಡಾ ಎಷ್ಟೋ ಅದಕ್ಕೆ 2 ಕೂಡಿಸಿ, 10ನ್ನು ಅದರಿಂದ ಭಾಗಿಸಿ. ಶೇ. 30 ಇದ್ದರೆ ಮಿತಿ ಘನ ಮೀಟರ್‌ಗೆ ಸುಮಾರು 0.31 ಮಿಲಿಗ್ರಾಂ ಧೂಳು. ಕ್ವಾರ್ಟ್ಜ್ ಜಾಸ್ತಿಯಾದಷ್ಟೂ ಮಿತಿ ಕೆಳಗಿಳಿಯುತ್ತದೆ. ಸುಮ್ನೆ ತೂಕ ನೋಡಿದರೆ ಸಾಲದು ಅನ್ನುವುದು ಇದಕ್ಕೇ. ಫಿಲ್ಟರ್ ಇನ್‌ಫ್ರಾರೆಡ್ ಪರೀಕ್ಷೆಗೆ ಹೋಗುತ್ತಿದೆ. ಕ್ವಾರ್ಟ್ಜ್ ಇದ್ದರೆ ಅಲೆಸಂಖ್ಯೆ (ಒಂದು ಸೆಂ.ಮೀ.ಗೆ ಎಷ್ಟು ಅಲೆ) 800 ಮತ್ತು 780ರ ಹತ್ತಿರ ಜೋಡಿ ಗೆರೆ ಏಳುತ್ತದೆ.

ಪಕ್ಕದಲ್ಲೇ ಅಗ್ಗದ ಲೇಸರ್ ಸೆನ್ಸರ್ ಕೂಡ ಇಟ್ಟಿದ್ದೆ. ಬ್ಲೇಡ್‌ಗೆ ನೀರು ಬಿಟ್ಟ ಕೂಡಲೇ ಅದರ ಅಂಕಿ ಏರಿತು! ಅದಕ್ಕೆ ನೀರಿನ ಹನಿಯೂ ಒಂದೇ, ಕಲ್ಲಿನ ಕಣವೂ ಒಂದೇ. ಅದನ್ನು ನಂಬಿ ಯಾರಾದರೂ ನೀರು ನಿಲ್ಲಿಸಿಬಿಟ್ಟರೆ ಎಂಥ ಅನಾಹುತ ಅಲ್ವಾ? ಧೂಳನ್ನು ಹುಟ್ಟಿದಲ್ಲೇ ಹಿಡಿಯುವುದು ಆ ನೀರೇ.

ಮುಂದಿನ ಸಲ ಪಂಪ್ ಅಂಚು ಪಾಲಿಶ್ ಮಾಡುವವರ ಸೊಂಟಕ್ಕೆ. ಅಲ್ಲಿ ಇನ್ನೂ ಒಣಗ್ರೈಂಡಿಂಗ್ ನಡೆಯುತ್ತಿದೆ. ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಬಂದರೆ ವಾಸಿಯಾಗುವುದಿಲ್ಲ. ಅದಕ್ಕೇ ರಿಪೋರ್ಟ್‌ಗೆ ಕಾಯಬೇಡಿ, ಅಲ್ಲಿಗೂ ನೀರಿನ ಪೈಪ್ ಎಳೆಸಿ ಎಂದು ಮಾಲೀಕರಿಗೆ ಹೇಳಿ ಬಂದಿದ್ದೇನೆ.