ಎಂಟನೇ ವರ್ಷಕ್ಕೆ ಅಪ್ಪ ಆದವನು

"ಯಾರು ಮಾರಾಯ ಈ ಹೆನ್ರಿ?"

ಅಪ್ಪ ಹೀಗೆ ಕೇಳಿದ್ದು ಬುಷ್‌ಕಿಲ್ ಹೊಳೆಯ ಪಕ್ಕದ ಕಾಲುದಾರಿಯಲ್ಲಿ. ಪೆನ್ಸಿಲ್ವೇನಿಯದ ನಜರೆತ್ ಊರಿಗೆ ಹತ್ತಿರದಲ್ಲೇ ಜೇಕಬ್ಸ್‌ಬರ್ಗ್ ಅಂತ ಒಂದು ಸರ್ಕಾರಿ ಉದ್ಯಾನವಿದೆ. ಅದರೊಳಗಿನ ಹಳೇ ಮರಗಳ ಭಾಗಕ್ಕೆ 'ಹೆನ್ರಿಯ ಕಾಡು' ಎಂದು ಹೆಸರು. ಎಂಟು ವರ್ಷದಿಂದ ಆ ಬೋರ್ಡು ದಾಟಿ ನಡೆಯುತ್ತಿದ್ದೇನೆ, ಒಂದು ದಿನವೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಅಪ್ಪ ಕೊಪ್ಪದಿಂದ ಬಂದು ಆಗಿನ್ನೂ ಹನ್ನೊಂದು ದಿನ.

"ಕೋವಿ ಮಾಡ್ತಿದ್ದವರಂತೆ" ಅಂದೆ. ಅಷ್ಟೇ ಸಾಕಾಯಿತು. ಊರಲ್ಲಿ ನಮ್ಮದೂ ಒಂದು ಕೇಪಿನ ಕೋವಿ ಇದೆ, ಅಜ್ಜನ ಕಾಲದ್ದು. ಅಡಿಕೆ ತೋಟದಲ್ಲಿ ಮಂಗ ಓಡಿಸಲು ಬಿಟ್ಟರೆ ಬೇರೆ ಕೆಲಸಕ್ಕೆ ಬಂದದ್ದಿಲ್ಲ. ಚುನಾವಣೆ ಬಂದಾಗೆಲ್ಲ ಠಾಣೆಗೆ ಹೋಗಿ ಕೂತು ಬರುತ್ತದೆ. ಆದರೂ ಅಪ್ಪನಿಗೆ ಅದರ ಮೇಲೆ ಹೇಳತೀರದ ಮೋಹ.

ಮುಂದಿನ ಶನಿವಾರ ಅಲ್ಲೇ ಇರುವ ಕೋವಿ ಮ್ಯೂಸಿಯಮ್ಮಿಗೆ ಹೋದೆವು. ಅಪ್ಪ ಒಂದು ಗಾಜಿನ ಪೆಟ್ಟಿಗೆಯ ಎದುರು ನಿಂತವರು ಅಲ್ಲಾಡಲೇ ಇಲ್ಲ. ನಳಿಗೆಯೇ ಮೂರೂವರೆ ಅಡಿಗೆ ಮಿಕ್ಕಿತ್ತು. ಹಿಡಿಯ ಮರ ಮೇಪಲ್, ಅದರಲ್ಲಿ ಹುಲಿಯ ಮೈಮೇಲಿನ ಹಾಗೆ ಅಡ್ಡಡ್ಡ ಪಟ್ಟೆ. ಹಿಂಬದಿಯಲ್ಲಿ ಮುಚ್ಚಳವಿರುವ ಪುಟ್ಟ ಹಿತ್ತಾಳೆ ಡಬ್ಬಿ. ಗುಂಡಿಗೆ ಸುತ್ತುವ ಎಣ್ಣೆ ಹಚ್ಚಿದ ಬಟ್ಟೆಚೂರು ಇಡುವ ಜಾಗವಂತೆ. ಕೇಪಿನ ಬದಲು ಕುದುರೆಯ, ಅಂದರೆ ಗುಂಡಿ ಎಳೆದಾಗ ಬಡಿಯುವ ಕೊಕ್ಕೆಯ, ಬಾಯಲ್ಲಿ ಚಕಮಕಿ ಕಲ್ಲು. ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಸರಳಿನ ಸುತ್ತ ಸುತ್ತಿ, ಗೇಣು ಗೇಣೇ ಬಡಿದು ಬೆಸೆದು ನಳಿಗೆ ಮಾಡುತ್ತಿದ್ದರು, ಆಮೇಲೆ ಒಳಗೆ ತಿರುಚಿದ ಗೀರು ಕೊರೆಯುತ್ತಿದ್ದರು ಎಂದು ಅಲ್ಲಿದ್ದವರು ವಿವರಿಸಿದರು. ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು. "ಬೆಸುಗೆ ಎಲ್ಲಿದೆ ಅಂತ್ಲೇ ಕಾಣಲ್ವಲ್ಲೋ."

ಅವತ್ತು ರಾತ್ರಿಯಿಂದ ಹೆನ್ರಿಗಳು ನಮ್ಮ ಊಟದ ಮೇಜಿಗೆ ಬಂದು ಕೂತರು.

ಮೂಲಪುರುಷ ವಿಲಿಯಂ ಹೆನ್ರಿ, ಹುಟ್ಟಿದ್ದು 1729ರಲ್ಲಿ, ಚೆಸ್ಟರ್ ಕೌಂಟಿಯಲ್ಲಿ. ಅಪ್ಪ ತೀರಿಹೋದ ಮೇಲೆ ಹುಡುಗನನ್ನು ಲ್ಯಾಂಕಾಸ್ಟರಿನ ಒಬ್ಬ ಕೋವಿ ಕಮ್ಮಾರನ ಹತ್ತಿರ ಕೆಲಸ ಕಲಿಯಲು ಬಿಟ್ಟರು. 1755ರಲ್ಲಿ ಬ್ರಿಟಿಷ್ ಜನರಲ್ ಬ್ರ್ಯಾಡಕ್‌ನ ದಂಡಯಾತ್ರೆಯಲ್ಲಿ ಆಯುಧಗಳ ಉಸ್ತುವಾರಿ ಅವನದೇ. ಮುಂದೆ ದೊಡ್ಡ ಚಿತ್ರಕಾರನೆನಿಸಿದ, ಆಗಿನ್ನೂ ಹದಿನೆಂಟರ ಆಸುಪಾಸಿನಲ್ಲಿದ್ದ ಬೆಂಜಮಿನ್ ವೆಸ್ಟ್ ಅವನ ಮನೆಯಲ್ಲಿ ಉಳಿದು ಚಿತ್ರ ಬರೆದ. ಸಾಕ್ರಟೀಸನ ಸಾವಿನ ಚಿತ್ರಕ್ಕೆ ಅರೆಬೆತ್ತಲೆ ಗುಲಾಮನೊಬ್ಬ ಬೇಕಾಗಿತ್ತು. ಹೆನ್ರಿ ತನ್ನ ಕುಲುಮೆಯ ಆಳೊಬ್ಬನನ್ನೇ ಕರೆಸಿ ಎದುರು ನಿಲ್ಲಿಸಿದ ಎನ್ನುವ ಕಥೆ ಕೇಳಿ ಅಪ್ಪ ಬಹಳ ಹೊತ್ತು ನಕ್ಕರು. ಹೆನ್ರಿ ಮುಂದೆ ಕೌಂಟಿಯ ಖಜಾಂಚಿಯಾದ. 1786ರಲ್ಲಿ ಸತ್ತ. ಲೆಕ್ಕದ ಪುಸ್ತಕ ಹೆಂಡತಿ ಆ್ಯನ್ ಕೈಗೆ ಬಂತು. ಖಜಾಂಚಿ ಕೆಲಸವನ್ನು ಅವಳೇ ಮುಂದುವರಿಸಿದಳು. ಕೋವಿಯ ಬಗ್ಗೆ ಬರೆಯುವವರು ಅವಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಅಪ್ಪ ನಿವೃತ್ತ ಗ್ರಾಮ ಲೆಕ್ಕಿಗರು. ಪೌತಿ ಖಾತೆಗೆಂದು ಅವರು ಬರೆದ ವಂಶವೃಕ್ಷಗಳಿಗೆ ಲೆಕ್ಕವೇ ಇಲ್ಲ. "ಹಾಳೆ ತಾ" ಅಂದರು. ಸ್ಕೇಲು ಹಿಡಿದು ಗೆರೆ ಎಳೆದು ಮೇಲೆ 'ವಿಲಿಯಂ ಹೆನ್ರಿ (ಮೃತ)' ಎಂದು ಬರೆದರು. ನಾನು ಹೇಳುತ್ತಾ ಹೋದೆ. ಮಗ ವಿಲಿಯಂ, 1757. ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಆಂಡ್ರಿಯಾಸ್ ಆಲ್ಬ್ರೆಕ್ಟ್ ಎಂಬ ಜರ್ಮನ್ ಕೋವಿ ಗುರುವಿನ ಕೈಯಲ್ಲಿ ಪಳಗಿ, ನಜರೆತ್ ಕಡೆಗೆ ಬಂದು, ಸಬೀನಾ ಶ್ರಾಪ್‌ಳನ್ನು ಮದುವೆಯಾದವನು. ಅವನ ತಮ್ಮ ಜಾನ್ ಜೋಸೆಫ್, 1758. ಇವನು ಕ್ವಿಬೆಕ್ ಮೇಲೆ ದಂಡೆತ್ತಿ ಹೋಗಿ ಸೆರೆ ಸಿಕ್ಕು, ಬದುಕಿ ಬಂದು ಜಡ್ಜ್ ಆದವನು. ಚಿಕ್ಕಪ್ಪನ ಹೆಸರನ್ನೇ ಹೊತ್ತ ಇನ್ನೊಬ್ಬ ಜಾನ್ ಜೋಸೆಫ್, 1786. ಬೌಲ್ಟನ್ನಿನಲ್ಲಿ ಕಾರ್ಖಾನೆ ಕಟ್ಟಿ, ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಅಮೆರಿಕನ್ ಫರ್ ಕಂಪನಿಗೆ ಕೋವಿ ಒದಗಿಸಿದವನು. ಅಪ್ಪನಿಗೆ ಇದರಲ್ಲಿ ಗೊಂದಲವೇ ಆಗಲಿಲ್ಲ. ನಮ್ಮ ಮನೆಯಲ್ಲೂ ಮೂವರು ಸುಬ್ಬರಾಯರಿದ್ದಾರೆ.

ಗೊಂದಲ ಮಾಡಿದ್ದು ನಾನು. ಓಹಾಯೋದ ಮಿಷನ್ ಊರೊಂದರಲ್ಲಿ ಮೊರೇವಿಯನ್ನರಿಂದ ದೀಕ್ಷಾಸ್ನಾನ ಪಡೆದ ಇನ್ನೊಬ್ಬ ವಿಲಿಯಂ ಹೆನ್ರಿ ಸಿಕ್ಕಿದ್ದ. ಸತ್ತದ್ದು 1811ರಲ್ಲಿ, ಜಡ್ಜ್ ಸತ್ತ ವರ್ಷವೇ. ಅದೇ ಪಂಗಡ, ಅದೇ ಹೆಸರು. ಯಾರೋ ಮನೆ ಬಿಟ್ಟು ಹೋದ ಮಗ ಇರಬೇಕು ಎಂದು ನಾನೇ ತೀರ್ಮಾನಿಸಿ ಮೂಲಪುರುಷನ ಕೆಳಗೆ ಸೇರಿಸಲು ಹೇಳಿದೆ.

ಅಪ್ಪ ಪೆನ್ನು ಎತ್ತಲಿಲ್ಲ. "ಒಂದೇ ಮನೇಲಿ ಒಂದೇ ಹೆಸರಿನ ಎರಡು ಮಕ್ಕಳಾ? ಮೊದಲಿನವ ಸತ್ತಿದ್ರೆ ಸರಿ. ಸತ್ತಿದ್ನಾ?"

"ಇಲ್ಲಪ್ಪ, 1821ರ ತನಕ ಇದ್ದ."

"ಇವ ಹುಟ್ಟಿದ್ದು?"

ನೋಡಿದೆ. 1737.

"ಅಪ್ಪ ಹುಟ್ಟಿದ್ದು ಇಪ್ಪತ್ತೊಂಬತ್ತರಲ್ಲಿ. ಎಂಟನೇ ವರ್ಷಕ್ಕೆ ಮಗ ಹುಟ್ಟಿದ್ನಾ ಮಾರಾಯ?"

ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಮತ್ತೆ ಎರಡು ಗಂಟೆ ಹಿಡಿಯಿತು. ಆ ವಿಲಿಯಂ ಹೆನ್ರಿ ಮಗನೂ ಅಲ್ಲ, ನೆಂಟನೂ ಅಲ್ಲ. ಡೆಲವೇರ್, ಅಂದರೆ ಲೆನಾಪೆ ಎಂಬ ಮೂಲನಿವಾಸಿ ಜನಗಳ ಮುಖಂಡ ಗೆಲೆಲೆಮೆಂಡ್. ಬಿಳಿಯರ ಬಾಯಲ್ಲಿ ಜಾನ್ ಕಿಲ್‌ಬಕ್. 1778ರಲ್ಲಿ ಅಮೆರಿಕದ ಜೊತೆ ಲೆನಾಪೆಗಳು ಮಾಡಿಕೊಂಡ ಫೋರ್ಟ್ ಪಿಟ್ ಒಪ್ಪಂದಕ್ಕೆ ಗುರುತು ಹಾಕಿದವರಲ್ಲಿ ಒಬ್ಬ. ಹಿಂದಿನ ಯುದ್ಧಕಾಲದಲ್ಲಿ ಕೋವಿ ಮಾಡುವ ಹೆನ್ರಿ ಕಿಲ್‌ಬಕ್‌ನ ಜೀವ ಉಳಿಸಿದ್ದನಂತೆ, ಅದರ ನೆನಪಿಗೆ ಆ ಹೆಸರು.

ಅದೇ ಹೊತ್ತಿಗೆ ಇನ್ನೊಂದು ಕಾಗದವೂ ಕಣ್ಣಿಗೆ ಬಿತ್ತು. 1763ರ ಡಿಸೆಂಬರ್ 27ರಂದು ಪ್ಯಾಕ್ಸ್‌ಟನ್ ಕಡೆಯ ಬಿಳಿಯರ ಗುಂಪೊಂದು ಕುದುರೆ ಏರಿ ಲ್ಯಾಂಕಾಸ್ಟರಿಗೆ ನುಗ್ಗಿ, ರಕ್ಷಣೆಗೆಂದು ಕೂಡಿಹಾಕಿದ್ದ 14 ಮಂದಿ ಕಾನೆಸ್ಟೋಗ ಮೂಲನಿವಾಸಿಗಳನ್ನು ಕೊಂದಿತು. ಅದನ್ನು ಹೋಗಿ ಕಂಡು ಬರೆದ ಪತ್ರ 'ಲ್ಯಾಂಕಾಸ್ಟರಿನ ವಿಲಿಯಂ ಹೆನ್ರಿ'ಯದು. ಹಿಂಬಾಗಿಲ ಹತ್ತಿರ ಊರಿಗೆಲ್ಲ ಬೇಕಾಗಿದ್ದ ಒಬ್ಬ ಮುದುಕ, ಅವನ ಹೆಂಡತಿ, ಅವರ ಮೈಮೇಲೆ ಅಡ್ಡ ಬಿದ್ದಿದ್ದ ಮೂರು ವರ್ಷದ ಎರಡು ಮಕ್ಕಳು. ಅಷ್ಟು ಓದಿ ನಾನು ನಿಲ್ಲಿಸಿದೆ. ಮೇಪಲ್ ಮರದ ಹುಲಿಪಟ್ಟೆ ಕಣ್ಣೆದುರೇ ಇತ್ತು. ಅಪ್ಪ "ಮುಂದೆ ಓದೋದು ಬೇಡ" ಅಂದರು.

ಭಾನುವಾರ ಬೆತ್ಲೆಹೆಮ್ಮಿನ ಹಳೇ ಮೊರೇವಿಯನ್ ಸ್ಮಶಾನಕ್ಕೆ ಕರೆದುಕೊಂಡು ಹೋದೆ. ಸಬೀನಾಳ ತವರಿನವರು ಯಾರಾದರೂ ಸಿಗುತ್ತಾರೇನೋ ಎಂಬ ಆಸೆ. ಒಬ್ಬರೂ ಸಿಗಲಿಲ್ಲ, ನಾನು ಹುಡುಕಿದ ಕ್ರಮವೇ ತಪ್ಪು. ಅಲ್ಲಿ ಕುಟುಂಬ ಎಂಬ ಲೆಕ್ಕವೇ ಇಲ್ಲ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ಮಕ್ಕಳು ಬೇರೆ. ಎಲ್ಲ ಕಲ್ಲೂ ನೆಲಕ್ಕೆ ಮಲಗಿಸಿದ ಒಂದೇ ಬಗೆಯ ಚಪ್ಪಡಿ. ಜರ್ಮನಿಯಿಂದ ಬಂದವರ ಪಕ್ಕದಲ್ಲೇ ದೀಕ್ಷೆ ಪಡೆದ ಮೂಲನಿವಾಸಿಗಳು. ಅಪ್ಪ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಸಾಲಿನ ನಡುವೆ ನಡೆದರು. ಬೇಡ ಅಂದರೂ ಕೇಳಲಿಲ್ಲ.

ಮನೆಗೆ ಬಂದವರೇ ಹಾಳೆ ತೆಗೆದರು. ನಮೂನೆಯಲ್ಲಿ ಆ ಮನುಷ್ಯನಿಗೆ ಜಾಗವಿಲ್ಲ. ಕೊನೆಗೆ ಅಂಚಿನಲ್ಲಿ, ಗೆರೆಯಿಂದ ಆಚೆ, ತಮ್ಮ ದುಂಡು ಅಕ್ಷರದಲ್ಲಿ ಬರೆದರು: 'ಗೆಲೆಲೆಮೆಂಡ್ ಯಾನೆ ಕಿಲ್‌ಬಕ್ ಯಾನೆ ವಿಲಿಯಂ ಹೆನ್ರಿ.' ಪೆನ್ನಿನ ಕ್ಯಾಪು ಹಾಕಿ ಕೇಳಿದರು.

"ಆ ಹೆನ್ರಿ ಕಾಡಿನ ಜಾಗ ಇದೆಯಲ್ಲ, ಮೂಲ ಖಾತೆ ಯಾರದು?"

ಲೆನಾಪೆಗಳದ್ದು ಅಂದೆ. 1737ರಲ್ಲಿ, ಗೆಲೆಲೆಮೆಂಡ್ ಹುಟ್ಟಿದ ವರ್ಷವೇ, ಹಳೇ ಪತ್ರವೊಂದನ್ನು ತೋರಿಸಿ, ಒಂದೂವರೆ ದಿನದಲ್ಲಿ ಒಬ್ಬ ಮನುಷ್ಯ ನಡೆಯುವಷ್ಟು ದೂರದ ನೆಲ ನಮ್ಮದು ಎಂದು ಆಗ ಈ ವಸಾಹತಿನ ಒಡೆಯರಾಗಿದ್ದ ಪೆನ್ ಮನೆತನದವರು ಹೇಳಿದರು. ನಡೆಯಲು ಮೂವರು ಗಟ್ಟಿಗರನ್ನು ಗೊತ್ತುಮಾಡಿ, ಮೊದಲೇ ದಾರಿ ಸವರಿಸಿಟ್ಟಿದ್ದರು. ಕೊನೆ ಮುಟ್ಟಿದ್ದು ಒಬ್ಬನೇ, ನೂರು ಕಿಲೋಮೀಟರಿನ ಹತ್ತಿರ. ನಜರೆತ್ ಸೀಮೆಯೆಲ್ಲ ಅದರೊಳಗೆ ಹೋಯಿತು.

ಮೂವತ್ತನಾಲ್ಕು ವರ್ಷ ಸರ್ಕಾರಿ ಲೆಕ್ಕ ಬರೆದವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

"ಅಳತೆಗೆ ಸರಪಳಿ ಹಿಡಿಯೋದು ಬಿಟ್ಟು, ಓಡಿದ್ರಾ?"