ಬ್ಯಾಸ್ ಮೀನಿಗೆ ಮೊದಲು ನೀರು ನೋಡಿ, ರಾಡ್ ಆಮೇಲೆ

ಡಲ್ಲಾಸ್ ಕಡೆಗೆ ಹೊಸದಾಗಿ ಬಂದ ಗೆಳೆಯರು ನಾನು ಮೀನು ಹಿಡಿದ ಫೋಟೊ ನೋಡಿದ ತಕ್ಷಣ ಕೇಳುವುದು ಒಂದೇ: "ಯಾವ ರಾಡ್ ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ: "ಎಲ್ಲಿ ನಿಂತು ಗಾಳ ಹಾಕ್ತೀರಿ?" ಅಪಾರ್ಟ್‌ಮೆಂಟ್ ಹಿಂದಿನ ಸಣ್ಣ ಕೆರೆಯಾ? ಲೂಯಿಸ್‌ವಿಲ್ ಲೇಕಿನ ಕಲ್ಲಿನ ದಡವಾ? ರೇ ರಾಬರ್ಟ್ಸ್‌ನಲ್ಲಿ ನೀರೊಳಗೆ ನಿಂತ ಮರಗಳ ಹತ್ತಿರವಾ? ಇದು ಗೊತ್ತಿಲ್ಲದೆ ರಾಡ್ ಹೆಸರು ಹೇಳೋದು ಹೇಗೆ?

ಅಂಗಡಿಯಲ್ಲಿ ಎಲ್ಲ ಉಲ್ಟಾ ಇರುತ್ತದೆ. ಒಳಗೆ ಹೋದರೆ ಎದುರಿಗೇ ರಾಡುಗಳ ಸಾಲು. ಜನ ಮೊದಲು ಅದನ್ನು ಆರಿಸುತ್ತಾರೆ, ಆಮೇಲೆ ದಾರ ಸುತ್ತುವ ರೀಲು, ಆಮೇಲೆ ಬಣ್ಣ ಚೆನ್ನಾಗಿ ಕಂಡ ಹತ್ತು ಲೂರು, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆ. ಲೈನ್, ಅಂದರೆ ಗಾಳದ ದಾರ, ಅದಂತೂ ಯಾವುದೋ ಒಂದು. ನನ್ನ ಕ್ರಮ ಬೇರೆ. ಮೊದಲು ನೀರು. ಆ ನೀರಿಗೆ ಹೊಂದುವ ಲೂರು, ಅದಕ್ಕೆ ಬೇಕಾದ ತೂಕ, ಆ ತೂಕಕ್ಕೆ ತಕ್ಕ ಲೈನ್. ರಾಡು, ರೀಲು ಕೊನೆಗೆ. ಈ ಕ್ರಮದಲ್ಲಿ ಹೋದರೆ ದುಡ್ಡೂ ಕಡಿಮೆ ಖರ್ಚಾಗುತ್ತದೆ, ಮೀನೂ ಬೇಗ ಸಿಗುತ್ತದೆ.

ಲಾರ್ಜ್‌ಮೌತ್ ಬ್ಯಾಸ್ ಬಗ್ಗೆ ಸ್ವಲ್ಪ ತಿಳಿದುಕೊಂಡರೆ ಇದು ಅರ್ಥವಾಗುತ್ತದೆ. ಹೆಸರಿಗೆ ತಕ್ಕ ಹಾಗೆ ದೊಡ್ಡ ಬಾಯಿ. ಬಾಯಿ ಮುಚ್ಚಿದಾಗಲೂ ಮೇಲ್ದವಡೆ ಕಣ್ಣಿನ ಹಿಂದಿನವರೆಗೆ ಹೋಗಿರುತ್ತದೆ. ಬೇಟೆಯನ್ನು ದೂರ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಕಂಬದ ನೆರಳಲ್ಲಿ, ಜೊಂಡಿನ ಅಂಚಲ್ಲಿ, ಬಿದ್ದ ಮರದ ಕೊಂಬೆಯ ಮಧ್ಯೆ ಹೊಂಚು ಹಾಕುವುದೇ ಇದಕ್ಕೆ ಇಷ್ಟ. ಬೇಟೆ ಹತ್ತಿರ ಬಂದಾಗ ಬಾಯಿ ಫಟ್ ಅಂತ ತೆರೆಯುತ್ತದೆ. ನೀರಿನ ಜೊತೆ ಬೇಟೆಯೂ ಒಳಗೆ. ತಿನ್ನುವ ವಸ್ತುವಲ್ಲ ಅನ್ನಿಸಿದರೆ ಅಷ್ಟೇ ಬೇಗ ಹೊರಗೆ ಉಗುಳುತ್ತದೆ. ಊರಲ್ಲಿ ಎರೆಹುಳು ಸಿಕ್ಕಿಸಿ, ಬೆಂಡು ಕಟ್ಟಿ, ಅದು ಮುಳುಗುವವರೆಗೆ ಕಾಯುತ್ತಾ ಕೂತು ಬೆಳೆದವರು ಇಲ್ಲಿ ಅಭ್ಯಾಸ ಬದಲಿಸಬೇಕಾಗುತ್ತದೆ. ಇಲ್ಲಿ ಮೀನು ಅಡಗಿರುವ ಜಾಗ ಹುಡುಕಿಕೊಂಡು ನಾವೇ ಹೋಗಬೇಕು. ಅದು ಉಗುಳುವ ಮೊದಲೇ ನಮಗೆ ಗೊತ್ತಾಗಬೇಕು.

ಇಲ್ಲಿನ ಲೇಕುಗಳೆಲ್ಲ ಬಹುತೇಕ ಅಣೆಕಟ್ಟಿನ ಹಿನ್ನೀರು. ಶರಾವತಿ ಹಿನ್ನೀರಲ್ಲಿ ಒಣಮರಗಳು ನಿಂತಿರುವುದನ್ನು ನೋಡಿದ್ದೀರಲ್ಲ, ರೇ ರಾಬರ್ಟ್ಸ್‌ನ ಕೆಲವು ಮೂಲೆಗಳು ಹಾಗೇ ಇವೆ. ಅಂಥ ಕಡೆ ಬರೀ ಕೊಕ್ಕೆ ಇಳಿಸಿದರೆ ಮೊದಲ ಎಸೆತಕ್ಕೇ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಉತ್ತರ ಟೆಕ್ಸಸ್ ರಿಗ್, ಅಂದರೆ ಕೊಕ್ಕೆಯ ಮೊನೆಯನ್ನು ಪ್ಲಾಸ್ಟಿಕ್ ಹುಳುವಿನೊಳಗೆ ಅಡಗಿಸಿ ಕಟ್ಟುವ ವಿಧಾನ.

ನಾನು ಒಂದೇ ಒಂದು ವಿದ್ಯೆ ಕಲಿಸಬಹುದು ಅಂದರೆ ಇದನ್ನೇ ಕಲಿಸುತ್ತೇನೆ. ಪ್ಲಾಸ್ಟಿಕ್ ಹುಳುವಿನ ಕಥೆ ಶುರುವಾಗಿದ್ದು ಒಹಾಯೊದಲ್ಲಿ. ಅಲ್ಲಿ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ 1949ರಲ್ಲಿ ಮನೆಯಲ್ಲೇ ಮೆತ್ತಗಿನ ಹುಳು ತಯಾರಿಸಿದರು. ಆಮೇಲೆ ಆ ಕಂಪನಿ ಬಂದು ನೆಲೆಸಿದ್ದು ಪೂರ್ವ ಟೆಕ್ಸಸ್‌ನ ಟೈಲರ್‌ನಲ್ಲಿ, ನಮ್ಮಿಂದ ಎರಡು ಗಂಟೆಯೊಳಗಿನ ದಾರಿ.

ಕಟ್ಟುವುದು ಹೀಗೆ. ಗುಂಡಿನ ಆಕಾರದ ಸಣ್ಣ ತೂಕವನ್ನು ಮೊದಲು ಲೈನಿಗೆ ಪೋಣಿಸಿ, ಚೂಪು ತುದಿ ರಾಡಿನ ಕಡೆಗೆ. ಆಮೇಲೆ 3/0 ಅಳತೆಯ ಆಫ್‌ಸೆಟ್ ಕೊಕ್ಕೆ, ಅಂದರೆ ಕುತ್ತಿಗೆಯ ಹತ್ತಿರ ಮಡಿಕೆ ಇರುವ ಕೊಕ್ಕೆ ಕಟ್ಟಿ. ಏಳಿಂಚಿನ ಹುಳುವಿನ ಮೂತಿಗೆ ಕೊಕ್ಕೆಯ ಮೊನೆಯನ್ನು ಕಾಲಿಂಚು ಚುಚ್ಚಿ ಪಕ್ಕದಿಂದ ಹೊರಗೆ ತೆಗೆಯಿರಿ. ಹುಳುವನ್ನು ಕೊಕ್ಕೆಯ ಕುತ್ತಿಗೆವರೆಗೆ ಎಳೆದು, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ. ಈಗ ಹುಳುವನ್ನು ಕೊಕ್ಕೆಯ ಪಕ್ಕ ನೇರವಾಗಿ ಇಳಿಬಿಟ್ಟು ನೋಡಿ. ಕೊಕ್ಕೆಯ ಬಾಗು ಎಲ್ಲಿ ಮುಟ್ಟುತ್ತದೋ ಅಲ್ಲಿಗೇ ಮೊನೆ ಚುಚ್ಚಬೇಕು. ಒಂದು ಅಕ್ಕಿಕಾಳಿನಷ್ಟು ಆಚೀಚೆಯಾದರೂ ಹುಳು ಸೊಟ್ಟಗಾಗುತ್ತದೆ. ಸೊಟ್ಟ ಹುಳು ನೀರಲ್ಲಿ ಗಿರಗಿರ ಸುತ್ತುತ್ತದೆ, ಲೈನ್ ತಿರುಚಿಕೊಳ್ಳುತ್ತದೆ. ನೇರವಾಗಿ ಬರುವ ತನಕ ಬಿಚ್ಚಿ ಮತ್ತೆ ಹಾಕಿ. ಮೊನೆ ಪ್ಲಾಸ್ಟಿಕ್ ಒಳಗೇ ಅಡಗಿರುವುದರಿಂದ ಮರಕ್ಕೂ ಜೊಂಡಿಗೂ ಅಷ್ಟು ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ.

ಈಗ ತೂಕ. ಬ್ಯಾಸ್ ಹಿಡಿಯುವವರು ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ತೂಕದ ಬಗ್ಗೆ ಒಂದು ನಿಮಿಷ. ನನ್ನ ಪ್ರಕಾರ ತೂಕವೇ ಮುಖ್ಯ. ಯಾಕೆಂದರೆ ಹುಳು ಎಷ್ಟು ಬೇಗ ಬೀಳುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಅದು. ತುಂಬಾ ಸಲ ಬ್ಯಾಸ್ ಹುಳುವನ್ನು ಬಾಯಿಗೆ ಹಾಕಿಕೊಳ್ಳುವುದು ಅದು ಇನ್ನೂ ಬೀಳುತ್ತಿರುವಾಗಲೇ. ಗಾಳಿ ಇಲ್ಲದ ಸಣ್ಣ ಕೆರೆಗೆ 1/8 ಔನ್ಸ್ ಸಾಕು, ಅಂದರೆ ಮೂರೂವರೆ ಗ್ರಾಂ. ಗಾಳಿ ಇದ್ದರೆ, ಆಳ ಎಂಟು ಹತ್ತು ಅಡಿ ಇದ್ದರೆ 1/4. ದಟ್ಟ ಜೊಂಡಿನ ಒಳಗೆ ಇಳಿಸಬೇಕಾದರೆ ಮಾತ್ರ 1/2 ಅಥವಾ ಅದಕ್ಕಿಂತ ಜಾಸ್ತಿ. ತಳ ಮುಟ್ಟಿದ್ದು ಕೈಗೆ ಗೊತ್ತಾಗಬೇಕು. ಅಷ್ಟು ಗೊತ್ತಾಗುವ ತೂಕಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದನ್ನು ಹಾಕಿ. ಕಲ್ಲಿನ ತಳವಾದರೆ ಸೀಸದ ಬದಲು ಟಂಗ್‌ಸ್ಟನ್ ಒಳ್ಳೆಯದು. ಅದೇ ತೂಕಕ್ಕೆ ಗಾತ್ರ ಚಿಕ್ಕದು, ಕಲ್ಲು ಯಾವುದು, ಮಣ್ಣು ಯಾವುದು ಅಂತ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಬೆಲೆ ಜಾಸ್ತಿ, ನಿಜ. ನಾನು ರಾಡಿನಲ್ಲಿ ಉಳಿಸಿ ಇದಕ್ಕೆ ಖರ್ಚು ಮಾಡುತ್ತೇನೆ.

ಎಸೆದ ಮೇಲೆ ಏನು ಮಾಡಬೇಕು? ಹುಳು ನೀರಿಗೆ ಬಿದ್ದ ಕೂಡಲೇ ಸುತ್ತಲು ಶುರು ಮಾಡಬೇಡಿ. ಲೈನ್ ಸ್ವಲ್ಪ ಸಡಿಲ ಬಿಟ್ಟು, ಅದು ನೀರೊಳಗೆ ಇಳಿಯುವ ಜಾಗವನ್ನೇ ನೋಡುತ್ತಿರಿ. ಲೈನ್ ನಿಧಾನವಾಗಿ ಒಳಗೆ ಹೋಗುತ್ತಿರುತ್ತದೆ. ಆರು ಎಣಿಸುವಷ್ಟರಲ್ಲಿ ತಳ ಮುಟ್ಟುವ ಜಾಗ ಅಂತ ಇಟ್ಟುಕೊಳ್ಳಿ. ಮೂರಕ್ಕೇ ನಿಂತುಬಿಟ್ಟರೆ ಅದು ಮೀನು. ಲೈನ್ ಪಕ್ಕಕ್ಕೆ ಜರುಗಿದರೂ ಮೀನು. ಕೆಲವು ಸಲ ಬೆರಳಿಗೆ "ಟಕ್" ಅಂತ ಒಂದೇ ಒಂದು ಸಣ್ಣ ತಟ್ಟು ಬರುತ್ತದೆ, ಅಷ್ಟೇ. ಆಗ ಸಡಿಲ ಲೈನ್ ಸುತ್ತಿಕೊಂಡು ರಾಡನ್ನು ಜೋರಾಗಿ ಮೇಲಕ್ಕೆ ಎಳೆಯಬೇಕು. ಮೊನೆ ಮೊದಲು ಪ್ಲಾಸ್ಟಿಕ್ ಸೀಳಿಕೊಂಡು ಬಂದು ಆಮೇಲೆ ದವಡೆಗೆ ಇಳಿಯಬೇಕಲ್ವಾ? ರಾಡ್ ಗಟ್ಟಿಯಾಗಿರಬೇಕು ಅನ್ನುವುದು ಇದಕ್ಕೇ.

ಲೈನಿನಲ್ಲಿ ಮೂರು ಜಾತಿ. ಮಾನೊ ಅಗ್ಗ, ತೇಲುವ ಗುಣದ್ದು, ಎಳೆದರೆ ಹಿಗ್ಗುತ್ತದೆ. ಫ್ಲೋರೊಕಾರ್ಬನ್ ಮುಳುಗುತ್ತದೆ, ನೀರಲ್ಲಿ ಕಡಿಮೆ ಕಾಣುತ್ತದೆ, ಕಲ್ಲಿಗೆ ಉಜ್ಜಿದರೆ ತಡೆದುಕೊಳ್ಳುತ್ತದೆ. ಬ್ರೇಡ್ ನೂಲು ಹೆಣೆದ ದಾರ. ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ತೆಳುವಾಗಿದ್ದರೂ ಭಾರಿ ಬಲ, ಆದರೆ ತಿಳಿನೀರಲ್ಲಿ ಕಣ್ಣಿಗೆ ಹೊಡೆಯುತ್ತದೆ. ಟೆಕ್ಸಸ್ ರಿಗ್‌ಗೆ ನಾನು ಹಾಕುವುದು 15 ಪೌಂಡಿನ (ಅಷ್ಟು ಎಳೆತ ತಡೆಯುವ) ಫ್ಲೋರೊಕಾರ್ಬನ್. ಕೊಕ್ಕೆಗೆ ಹಾಕುವ ಗಂಟಿನ ಹೆಸರು ಪಾಲೊಮಾರ್. ಬಿಗಿ ಮಾಡುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಂಟು ಎಳೆದರೆ ಉಜ್ಜಿದ ಬಿಸಿಗೆ ಲೈನ್ ಅಲ್ಲೇ ಸೊರಗುತ್ತದೆ, ದೊಡ್ಡ ಮೀನು ಬಂದಾಗ ಅಲ್ಲೇ ತುಂಡಾಗುತ್ತದೆ.

ಈಗ ರಾಡಿಗೆ ಬರೋಣ. ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರೆದಿರುತ್ತದೆ: ಎಷ್ಟು ಪೌಂಡಿನ ಲೈನ್, ಎಷ್ಟು ಔನ್ಸಿನ ಲೂರು. ಬ್ರ್ಯಾಂಡ್ ಹೆಸರಿಗಿಂತ ಮುಂಚೆ ಅದನ್ನು ಓದಿ. ಪವರ್ ಅಂದರೆ ರಾಡ್ ಬಾಗಿಸಲು ಎಷ್ಟು ಬಲ ಬೇಕು ಅನ್ನುವುದು. ಆ್ಯಕ್ಷನ್ ಅಂದರೆ ಅದು ಎಲ್ಲಿಂದ ಬಾಗುತ್ತದೆ ಅನ್ನುವುದು. ಫಾಸ್ಟ್ ಅಂದರೆ ತುದಿಯ ಹತ್ತಿರ ಮಾತ್ರ. ಹುಳುವಿಗೆ ಏಳು ಅಡಿಯ, ಮೀಡಿಯಂ ಹೆವಿ ಪವರಿನ, ಫಾಸ್ಟ್ ಆ್ಯಕ್ಷನ್ ರಾಡ್ ಸರಿಹೋಗುತ್ತದೆ. ಅದಕ್ಕೆ ಬೇಟ್‌ಕಾಸ್ಟರ್ ರೀಲು, ರಾಡಿನ ಮೇಲೆ ಕೂರುವಂಥದ್ದು; ಎಸೆದಾಗ ಲೈನ್ ಸುತ್ತಿದ ಉರುಳೆ (ಸ್ಪೂಲ್) ತಿರುಗುತ್ತದೆ. ಬೇಟ್‌ಕಾಸ್ಟರ್‌ನಲ್ಲಿ ಲೂರು ನೀರಿಗೆ ಬಿದ್ದು ನಿಂತರೂ ಸ್ಪೂಲ್ ತಿರುಗುತ್ತಲೇ ಇದ್ದರೆ ಲೈನ್ ಒಳಗೇ ಗೋಜಲಾಗುತ್ತದೆ. ಇಲ್ಲಿನವರು ಅದಕ್ಕೆ ಬ್ಯಾಕ್‌ಲ್ಯಾಶ್ ಅನ್ನುತ್ತಾರೆ. ಲೂರನ್ನು ತೂಗುಬಿಟ್ಟು ಬಟನ್ ಒತ್ತಿ. ಅದು ನಿಧಾನವಾಗಿ ಇಳಿದು ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲುವ ಹಾಗೆ ಪಕ್ಕದ ತಿರುಗಣೆ ಬಿಗಿ ಮಾಡಿ. ಎಸೆದ ಲೂರು ನೀರು ಮುಟ್ಟುವ ಕ್ಷಣಕ್ಕೆ ಹೆಬ್ಬೆರಳು ಸ್ಪೂಲಿನ ಮೇಲಿರಲಿ. ಇದನ್ನು ಮನೆಯ ಹಿತ್ತಲಲ್ಲೇ ಅಭ್ಯಾಸ ಮಾಡಬಹುದು.

ಎರಡನೇ ರಾಡ್ ಬೇಕು ಅನ್ನಿಸಿದರೆ ಮೀಡಿಯಂ ಪವರಿನ ಸ್ಪಿನ್ನಿಂಗ್ ರಾಡ್ (ರೀಲು ಕೆಳಗಡೆ ತೂಗುವಂಥದ್ದು), 8 ಅಥವಾ 10 ಪೌಂಡ್ ಲೈನ್. ಇದು ಸೆಂಕೊ ಥರದ ದಪ್ಪ ಕಡ್ಡಿಹುಳುವಿಗೆ. ಐದಿಂಚಿನ ಹುಳುವಿನ ನಡುಮಧ್ಯಕ್ಕೆ ಕೊಕ್ಕೆ ಸಿಕ್ಕಿಸಿ, ತೂಕ ಏನೂ ಇಲ್ಲದೆ ಎಸೆಯುವುದು. ಪ್ಲಾಸ್ಟಿಕ್‌ನಲ್ಲಿ ಉಪ್ಪು ಬೆರೆಸಿರುವುದರಿಂದ ತಾನೇ ಮುಳುಗುತ್ತದೆ, ಮುಳುಗುವಾಗ ಎರಡೂ ತುದಿ ನಡುಗುತ್ತವೆ. ಇದಕ್ಕೆ ವ್ಯಾಕಿ ರಿಗ್ ಅನ್ನುತ್ತಾರೆ. ಬೇಟ್‌ಕಾಸ್ಟರ್ ಬೇಡವೇ ಬೇಡ ಅನ್ನುವವರು ಇದೊಂದನ್ನೇ ಇಟ್ಟುಕೊಂಡು ಶುರು ಮಾಡಿ. ಮನೆ ಹತ್ತಿರದ ಕೆರೆಗಳಲ್ಲಿ ಮಕ್ಕಳ ಕೈಗೂ ಮೀನು ಸಿಗುವುದು ಇದರಲ್ಲೇ.

ಉಳಿದ ಲೂರುಗಳು ಹವಾಮಾನ ನೋಡಿ. ಗಾಳಿ ಬೀಸಿ ನೀರು ಕೆಂಪಾಗಿದ್ದರೆ ಸ್ಪಿನ್ನರ್‌ಬೇಟ್. ಅದರ ತಗಡು ತಿರುಗುವ ಕಂಪನಕ್ಕೇ ಮೀನು ಬರುತ್ತದೆ. ಬೇಸಿಗೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ನೀರಿನ ಮೇಲೆ ಓಡುವ ಟಾಪ್‌ವಾಟರ್. ಮೂರ್ಮೊನೆ ಕೊಕ್ಕೆಯ ಕ್ರ್ಯಾಂಕ್‌ಬೇಟ್‌ಗೆ ಮಾತ್ರ ಸ್ವಲ್ಪ ಮೆತ್ತಗೆ ಬಾಗುವ ರಾಡ್ ಬೇಕು, ಇಲ್ಲದಿದ್ದರೆ ಕೊಕ್ಕೆ ಕಿತ್ತುಬರುತ್ತದೆ. ಬಣ್ಣದ ವಿಷಯ ನನಗೆ ಇಷ್ಟೇ: ತಿಳಿನೀರಿಗೆ ಗ್ರೀನ್ ಪಂಪ್‌ಕಿನ್ ಅನ್ನುವ ಕಂದು ಮಿಶ್ರಿತ ಹಸಿರು, ಕಲಕಿದ ನೀರಿಗೆ ಕಪ್ಪು ನೀಲಿ.

ಬೆಲೆಬಾಳುವ ಸಾಮಾನು ಇದ್ದರೇ ದೊಡ್ಡ ಮೀನು ಅನ್ನುವವರಿಗೆ ಪೂರ್ವ ಟೆಕ್ಸಸ್‌ನ ಲೇಕ್ ಫೋರ್ಕ್‌ನ ವಿಷಯ ಹೇಳುತ್ತೇನೆ. ಟೆಕ್ಸಸ್‌ನ ದಾಖಲೆ ಬ್ಯಾಸ್ ಸಿಕ್ಕಿದ್ದು ಅಲ್ಲೇ, 1992ರ ಜನವರಿಯಲ್ಲಿ, ಬ್ಯಾರಿ ಸೇಂಟ್ ಕ್ಲೇರ್ ಅವರಿಗೆ. ತೂಕ 18.18 ಪೌಂಡ್, ಎಂಟು ಕಿಲೊ ದಾಟುತ್ತದೆ. ಅವರು ಅವತ್ತು ಹಾಕಿದ್ದು ಬ್ಯಾಸ್‌ಗೆ ಗಾಳವೇ ಅಲ್ಲ. ಕ್ರ್ಯಾಪಿ ಅನ್ನುವ ಚಿಕ್ಕ ಮೀನಿಗೆ ಅಂತ ಜೀವಂತ ಮರಿಮೀನು ಸಿಕ್ಕಿಸಿ ಇಳಿಸಿದ್ದರು.

ಫೋರ್ಕ್‌ನಲ್ಲಿ ಒಂದು ನಿಯಮ ಇದೆ: 16ರಿಂದ 24 ಇಂಚಿನ ನಡುವಿನ ಬ್ಯಾಸ್ ಇಟ್ಟುಕೊಳ್ಳುವಂತಿಲ್ಲ, ವಾಪಸ್ ಬಿಡಬೇಕು. 24 ದಾಟಿದ್ದು ದಿನಕ್ಕೆ ಒಂದೇ. ಊರಿನಿಂದ ಅಮ್ಮ ಫೋನಿನಲ್ಲಿ ಕೇಳುತ್ತಾರೆ, "ಬಿಡೋದಾದ್ರೆ ಹಿಡಿಯೋದು ಯಾಕೆ?" ಅಂತ. ದೊಡ್ಡ ಬ್ಯಾಸ್ ಅಂದರೆ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಅಷ್ಟು ಬೆಳೆಯಲು ವರ್ಷಗಳೇ ಬೇಕು, ಮೊಟ್ಟೆ ಇಡುವುದೂ ಅವೇ. ಇಲ್ಲಿನ ಸರ್ಕಾರಿ ಇಲಾಖೆ 1986ರಿಂದ ಶೇರ್‌ಲಂಕರ್ ಅನ್ನುವ ಕಾರ್ಯಕ್ರಮ ನಡೆಸುತ್ತಿದೆ. 13 ಪೌಂಡ್ ಅಥವಾ ಅದಕ್ಕಿಂತ ಭಾರದ ಮೀನು ಹಿಡಿದವರು, ಕಾರ್ಯಕ್ರಮಕ್ಕೆ ಗೊತ್ತು ಮಾಡಿದ ಋತುವಿನಲ್ಲಿ, ಅದನ್ನು ಮರಿ ಮಾಡಿಸಲು ಕೊಡಬಹುದು. ನನಗೆ ಇದು ತುಂಬಾ ಇಷ್ಟವಾದ ವ್ಯವಸ್ಥೆ. ಆದ್ದರಿಂದ ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ, ಮೈಮೇಲಿನ ಲೋಳೆ ಹೋಗಬಾರದು. ದೊಡ್ಡದಾದರೆ ದವಡೆಯಲ್ಲಿ ಮಾತ್ರ ತೂಗುಹಾಕದೆ ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಿ. ಜುಲೈನ ಕಾದ ಸಿಮೆಂಟಿನ ಮೇಲೆ ಫೋಟೊಗೆ ಅಂತ ಮಲಗಿಸಲೇಬೇಡಿ.

ಹೊಸಬರಿಗೆ ವಸಂತಕಾಲ ಒಳ್ಳೆಯದು. ನೀರು 60 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದಾಗ ಬ್ಯಾಸ್ ಮೊಟ್ಟೆ ಇಡಲು ದಡದ ಕಡೆ ಬರುತ್ತದೆ, ದೋಣಿ ಇಲ್ಲದವರ ಎಸೆತಕ್ಕೂ ಎಟುಕುತ್ತದೆ. 17 ವರ್ಷ ತುಂಬಿದವರಿಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಕು, ಆದರೆ ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಹಿಡಿಯುವುದಕ್ಕೆ ಬೇಡ. ಹಾಗಾಗಿ ಮೊದಲ ಸಲಕ್ಕೆ ರೇ ರಾಬರ್ಟ್ಸ್ ಸ್ಟೇಟ್ ಪಾರ್ಕ್‌ಗೇ ಹೋಗಿ. ಒಂದು ಸ್ಪಿನ್ನಿಂಗ್ ರಾಡ್, ಒಂದು ಪ್ಯಾಕೆಟ್ ಹುಳು, ನಾಲ್ಕು ಕೊಕ್ಕೆ, ಒಂದು ಇಕ್ಕಳ, ಕುಡಿಯುವ ನೀರು, ಇಷ್ಟು ಸಾಕು. ಗಂಟು ಬರದಿದ್ದರೆ ಕಾಮೆಂಟಿನಲ್ಲಿ ಬರೆಯಿರಿ, ಆ ವಾರ ನಾನು ಆ ಕಡೆ ಹೋಗುವುದಿದ್ದರೆ ದಡದಲ್ಲೇ ಕಟ್ಟಿ ತೋರಿಸುತ್ತೇನೆ.