ಹುಲ್ಲುಹಾಸು ಒಣಗುವ ಹೊತ್ತಿಗೆ ಸಂಘಕ್ಕೊಂದು ಅರ್ಜಿ

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ, ಮಡಿಕೇರಿಯ ಅಂಚಿನಲ್ಲಿ ಇಳಿಜಾರಿನ ಮೇಲಿರುವ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಮುಂದೆ ಎರಡು ಬಗೆಯ ದೂರುಗಳು ಬಂದು ಬೀಳುತ್ತವೆ. ಇಂಥವರ ಮನೆಯ ಮುಂದಿನ ಹುಲ್ಲುಹಾಸು ಒಣಗಿ ಬಡಾವಣೆಯ ಅಂದ ಕೆಡುತ್ತಿದೆ ಎಂಬುದು ಒಂದು. ಇಂಥವರು ಯಾರನ್ನೂ ಕೇಳದೆ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸುತ್ತಿದ್ದಾರೆ, ಮಳೆ ಹೊಡೆಯದಂತೆ ಪಡುವಣ ಗೋಡೆಗೆ ಶೀಟು ಇಳಿಸುತ್ತಿದ್ದಾರೆ ಎಂಬುದು ಇನ್ನೊಂದು. ಸಂಘದ ಸಮಿತಿಯಲ್ಲಿ ಎರಡು ವರ್ಷ ಕೆಲಸ ಮಾಡಿದ ಮೇಲೆ ನನಗೆ ಮನದಟ್ಟಾಗಿರುವುದೇನೆಂದರೆ, ಮೊದಲನೆಯ ವಿಷಯದಲ್ಲಿ ನಾವು ಅಗತ್ಯಕ್ಕಿಂತ ಬಿಗಿಯಾಗಿದ್ದೇವೆ, ಎರಡನೆಯದರಲ್ಲಿ ಅಪಾಯವಾಗುವಷ್ಟು ಸಡಿಲವಾಗಿದ್ದೇವೆ.

ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ) ಲೆಕ್ಕ ಹಾಕುವ ರೂಢಿಯಿದೆ. ಕಾಫಿಯ ಹೂವು ಚೆನ್ನಾಗಿ ಅರಳಬೇಕಾದರೆ ಸುಮಾರು ಒಂದು ಇಂಚು ಹೂಮಳೆ ಬೇಕೆಂಬುದು ತೋಟವಿದ್ದವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಹುಲ್ಲುಹಾಸನ್ನು ಹಸಿರಾಗಿಯೇ ಉಳಿಸಿಕೊಳ್ಳಲು ವಾರವಾರವೂ ಹೆಚ್ಚುಕಡಿಮೆ ಅಷ್ಟೇ ನೀರು ಬೇಕು. 1,000 ಚದರ ಅಡಿಯ ಹುಲ್ಲಿಗೆ ಒಂದು ಇಂಚು ಎಂದರೆ ಸುಮಾರು 2,360 ಲೀಟರ್. ತಾರಸಿಯ ಮೇಲಿನ 1,000 ಲೀಟರಿನ ಟ್ಯಾಂಕನ್ನು ಎರಡು ಸಲ ಪೂರ್ತಿ ಖಾಲಿ ಮಾಡಿದರೂ ಸಾಲುವುದಿಲ್ಲ. ಕೊಳವೆಬಾವಿಯಲ್ಲಿ ನೀರು ಇಳಿದು, ಕುಡಿಯುವ ನೀರನ್ನು ದಿನ ಬಿಟ್ಟು ದಿನ ಬಿಡುವ ಹೊತ್ತಿನಲ್ಲಿ ಹಸಿರು ಹುಲ್ಲಿಗಾಗಿ ನೋಟಿಸು ಕೊಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಇರುವ ನೀರಿನಲ್ಲೇ ಹುಲ್ಲನ್ನು ಕಾಪಾಡಿಕೊಳ್ಳುವ ದಾರಿಗಳಿವೆ. ದಿನಾ ಸಂಜೆ ಪೈಪು ಹಿಡಿದು ಮೇಲುಮೇಲೆ ಒದ್ದೆ ಮಾಡುವವರೇ ನಮ್ಮಲ್ಲಿ ಹೆಚ್ಚು. ಹಾಗೆ ಮಾಡಿದಾಗ ಬೇರು ಮೇಲ್ಪದರದಲ್ಲೇ ಉಳಿದು, ಎರಡು ದಿನ ನೀರು ತಪ್ಪಿದರೂ ಹುಲ್ಲು ಸೊರಗುತ್ತದೆ. ಅದರ ಬದಲು ವಾರಕ್ಕೆ ಒಂದೆರಡು ಸಲ, ಬಿಸಿಲೇರುವ ಮೊದಲು, ಮಣ್ಣು ನಾಲ್ಕೈದು ಇಂಚು ಆಳಕ್ಕೆ ನೆನೆಯುವಂತೆ ನಿಧಾನವಾಗಿ ನೀರು ಕೊಡಬೇಕು. ನೆನೆದಿದೆಯೋ ಇಲ್ಲವೋ ಎಂದು ನೋಡಲು ನಾನು ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚುತ್ತೇನೆ. ಕೈಯ ಒತ್ತಡಕ್ಕೇ ಸರಾಗವಾಗಿ ಇಳಿದರೆ ಸಾಕಷ್ಟು ತೇವವಿದೆ ಎಂದರ್ಥ. ನೀರು ಬೇಕಾಗಿದೆಯೇ ಎಂಬುದನ್ನು ಹುಲ್ಲೇ ಹೇಳುತ್ತದೆ. ಬೆಳಿಗ್ಗೆ ಅದರ ಮೇಲೆ ನಡೆದು ಹಿಂದಿರುಗಿ ನೋಡಿದಾಗ ಎಸಳುಗಳು ಮತ್ತೆ ನೆಟ್ಟಗಾಗದೆ ಹೆಜ್ಜೆಯ ಗುರುತು ಹಾಗೆಯೇ ಉಳಿದಿದ್ದರೆ ಅದು ಬಾಯಾರಿದೆ. ತೋಟದಲ್ಲಿ ಕಾಡು (ಕಳೆ) ಹೊಡೆಯುವ ಯಂತ್ರವನ್ನೇ ತಂದು ಹುಲ್ಲನ್ನು ನೆಲಮಟ್ಟಕ್ಕೆ ಬೋಳಿಸುವುದಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ಎರಡೂವರೆ, ಮೂರು ಇಂಚು ಎತ್ತರ ಬಿಟ್ಟರೆ ಹುಲ್ಲಿನ ನೆರಳೇ ಮಣ್ಣಿನ ತೇವವನ್ನು ಕಾಯುತ್ತದೆ, ಒಂದು ಸಲಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಒಣನೆಲಕ್ಕೆ ಯೂರಿಯಾ ಎರಚಿದರೆ ಹುಲ್ಲು ಸುಟ್ಟುಹೋಗುತ್ತದೆ; ಗೊಬ್ಬರ ಮಳೆ ಬಿದ್ದ ಮೇಲಾಗಲಿ.

ಇಷ್ಟಾದರೂ ಕಂದಾದರೆ ಆಗಲಿ. ಗರಿಕೆಯಂಥ ಹುಲ್ಲು ನೀರಿಲ್ಲದಾಗ ಮೇಲಿನ ಎಸಳನ್ನು ಒಣಗಲು ಬಿಟ್ಟು, ನೆಲದೊಳಗಿನ ಕಾಂಡದಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಕಳೆದ ಬೇಸಿಗೆಯಲ್ಲಿ ನನ್ನ ಅಂಗಳದ ಮೂಲೆಯೊಂದು ಪೂರ್ತಿ ಹುಲ್ಲುಬಣವೆಯ ಬಣ್ಣಕ್ಕೆ ತಿರುಗಿತ್ತು. ಹಿಡಿದೆಳೆದರೂ ಕಿತ್ತು ಬರಲಿಲ್ಲವಾದ್ದರಿಂದ ಅದನ್ನು ಹಾಗೆಯೇ ಬಿಟ್ಟೆ. ಎರಡು ಒಳ್ಳೆಯ ಮಳೆ ಬಿದ್ದ ಹತ್ತನೆಯ ದಿನಕ್ಕೆ ಗಂಟುಗಂಟಿನಲ್ಲಿ ಸೂಜಿಮೊನೆಯಷ್ಟು ಹಸಿರು ಚಿಗುರು ಕಾಣಿಸಿತು. ಆದ್ದರಿಂದ ಫೆಬ್ರವರಿಯಿಂದ ಮೇ ತಿಂಗಳ ತನಕ ಒಣಹುಲ್ಲಿಗಾಗಿ ಯಾರಿಗೂ ನೋಟಿಸು ಕೊಡಬಾರದೆಂದು ಈ ಸಲದ ಸಭೆಯಲ್ಲಿ ಕೇಳಿಕೊಂಡಿದ್ದೇನೆ.

ಬಿಗಿ ಬೇಕಾಗಿರುವುದು ಹೊರಗಿನ ಬದಲಾವಣೆಗಳ ವಿಷಯದಲ್ಲಿ. ಬಣ್ಣ ಯಾವುದು, ಗೇಟು ಎಷ್ಟು ಎತ್ತರ ಎಂಬುದನ್ನು ಹೇಗಾದರೂ ತೀರ್ಮಾನಿಸಿಕೊಳ್ಳಬಹುದು, ಆದರೆ ನೀರಿನ ದಾರಿಯನ್ನು ಬದಲಿಸುವ ಕೆಲಸ ಹಾಗಲ್ಲ. ನಮ್ಮ ಸಾಲಿನ ಮೇಲಿನ ಮನೆಯೊಂದರಲ್ಲಿ ಹುಲ್ಲು ಒಣಗುವ ಕಿರಿಕಿರಿಯೇ ಬೇಡವೆಂದು ಸುಮಾರು 600 ಚದರ ಅಡಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ, ಕಾರು ನಿಲ್ಲಿಸಲು ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಬುಡವನ್ನೂ ಒಂದಿಷ್ಟು ಕಡಿಸಿದರು. ಜುಲೈಯಲ್ಲಿ ಒಂದೇ ದಿನ ನಾಲ್ಕು ಇಂಚು ಸುರಿದಾಗ ಆ ಅಂಗಳದ ಮೇಲೆ ಬಿದ್ದದ್ದೇ ಸುಮಾರು 5,660 ಲೀಟರ್ ನೀರು. ಮೊದಲು ಮಣ್ಣಿಗೆ ಇಂಗುತ್ತಿದ್ದ ಅದರ ಪಾಲೂ ಈಗ ಕೆಳಗಿನ ಮನೆಯತ್ತ ಹರಿಯಿತು. ರಾತ್ರಿ ಬರೆ ಜಾರಿ, ಕೆಂಪು ಮಣ್ಣು ಅವರ ಬಚ್ಚಲಿನ ಗೋಡೆಯ ಅರ್ಧದವರೆಗೆ ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡಿರುವ ನಾವು ಆ ರಾತ್ರಿ ನಿದ್ದೆ ಮಾಡಲಿಲ್ಲ.

ಆದ್ದರಿಂದ ಇಂಥ ಕೆಲಸಕ್ಕೆ ಮೊದಲು ಸಂಘಕ್ಕೆ ಕೊಡುವ ಅರ್ಜಿಯೆಂದರೆ ಬರೀ ಸಹಿಯ ಕಾಗದವಾಗಬಾರದು. ಬೀಳುವ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತೋರಿಸುವ ಕೈನಕ್ಷೆ, ಬರೆಗೆ ತಡೆಗೋಡೆ ಕಟ್ಟುವುದಾದರೆ ಹಿಂದೆ ಸೇರುವ ನೀರು ಹೊರಬರಲು ಬಿಡುವ ತೂತುಗಳ ವಿವರ, ಕೆಳಗಿನ ಮನೆಯವರ ಒಪ್ಪಿಗೆ ಇವು ಅದರಲ್ಲಿರಲೇಬೇಕು. ಸಂಘದ ಒಪ್ಪಿಗೆ ನಗರಸಭೆಯ ಪರವಾನಗಿಗೆ ಬದಲಿಯಾಗುವುದಿಲ್ಲ. ಮರ ಕಡಿಯುವುದಾದರೆ 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯನ್ನೂ ಕೇಳಬೇಕಾಗುತ್ತದೆ. ಅರ್ಜಿ ಫೆಬ್ರವರಿಯಲ್ಲೇ ಬರಬೇಕು, ಸಮಿತಿಯೂ ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕು. ನಾವು ಏಪ್ರಿಲ್ ಕಳೆಯುವತನಕ ಕಡತ ಇಟ್ಟುಕೊಂಡು ಕುಳಿತರೆ ಜನ ಕೇಳದೆ ಕೆಲಸ ಶುರು ಮಾಡುತ್ತಾರೆ, ಆಗ ತಪ್ಪು ಅವರೊಬ್ಬರದೇ ಆಗಿರುವುದಿಲ್ಲ.

ಈ ವರ್ಷ ನನ್ನ ಮನೆಯ ಪಡುವಣ ಗೋಡೆಗೂ ಶೀಟು ಇಳಿಸಬೇಕಾಗಿದೆ, ಮಳೆ ಹೊಡೆದು ಗೋಡೆ ಪಾಚಿಗಟ್ಟುತ್ತಿದೆ. ನಕ್ಷೆ ಹಿಡಿದುಕೊಂಡು ಕೆಳಗಿನ ಮನೆಯ ಅಜ್ಜಿಯ ಹತ್ತಿರ ಹೋದೆ. ಅವರು ಕನ್ನಡಕ ಹಾಕಿಕೊಂಡು, ಶೀಟಿನ ಅಂಚಿನಿಂದ ಚರಂಡಿಯವರೆಗೆ ನಾನು ಎಳೆದಿದ್ದ ಗೆರೆಯ ಮೇಲೆ ಬೆರಳಾಡಿಸಿ, "ಹುಲ್ಲು ಒಣಗಿದರೆ ಒಣಗಲಿ ಮಗಾ, ಈ ನೀರು ಮಾತ್ರ ನನ್ನ ಬರೆಗೆ ಬರಬಾರದು" ಎಂದರು. ಶೀಟಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿಯಿಂದ ಪೈಪು ಇಳಿಸಿ ರಸ್ತೆಯ ಚರಂಡಿಗೇ ಸೇರಿಸುವುದಾಗಿ ಅವರ ಎದುರಿನಲ್ಲೇ ನಕ್ಷೆಯಲ್ಲಿ ಬರೆದೆ. ಅವರು ಅದರ ಕೆಳಗೆ ಸಹಿ ಹಾಕಿದರು. ಅರ್ಜಿಯನ್ನು ಅದೇ ದಿನ ಸಂಘಕ್ಕೆ ಕೊಟ್ಟಿದ್ದೇನೆ.